ಸಮುದ್ರ ಒಂದು ಕಡೆ, ಬೆಟ್ಟ ಒಂದು ಕಡೆ: ಏಪ್ರಿಲ್‌ನಲ್ಲಿ ಸೈಕಲ್ ರಜೆಗೆ ಎಲ್ಲಿಗೆ ಹೋಗಲಿ?

ಬನಶಂಕರಿ ಸವಾರಿ, ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ನನಗೆ 47, ನಮ್ಮವರಿಗೆ 51. ಆರು ವರ್ಷದಿಂದ ಇಬ್ಬರೂ ರೋಡ್ ಸೈಕಲ್ ತುಳಿಯುತ್ತಿದ್ದೇವೆ. ತಿಂಗಳಿಗೆ ಎರಡು ಸಲ ನಂದಿ ಬೆಟ್ಟ, ಉಳಿದ ಭಾನುವಾರ ಕನಕಪುರ ರಸ್ತೆ. ಸಮುದ್ರ ಪಕ್ಕದಲ್ಲೇ ಇರಬೇಕು, ತಲೆ ಎತ್ತಿದರೆ ಬೆಟ್ಟ ಕಾಣಬೇಕು, ಅಂಥ ದಾರಿಯಲ್ಲಿ ಒಂದು ಸಲ ತುಳಿಯಬೇಕು ಅನ್ನುವುದು ನಮ್ಮಿಬ್ಬರ ಬಹಳ ದಿನದ ಆಸೆ. ಅದಕ್ಕಾಗಿ ಮೂರು ವರ್ಷದಿಂದ ಹಣ ಕೂಡಿಡುತ್ತಾ ಬಂದಿದ್ದೇವೆ. ಏಪ್ರಿಲ್ ಮಧ್ಯದಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದೆ. ಪ್ರಯಾಣ ಬಿಟ್ಟು ಅಲ್ಲಿ ಒಂಬತ್ತು ದಿನ.

ನಾನು ಹಾಕಿಕೊಂಡ ಲೆಕ್ಕ ಹೀಗಿದೆ: ಫ್ರಾನ್ಸಿನ ನೀಸ್‌ನಲ್ಲಿ ಮೂರು ದಿನ, ಸ್ಪೇನಿನ ಜಿರೋನಾದಲ್ಲಿ ಮೂರು ದಿನ, ಸ್ಪೇನಿಗೇ ಸೇರಿದ ಮಯೋರ್ಕಾ ದ್ವೀಪದಲ್ಲಿ ಮೂರು ದಿನ. ನಮ್ಮ ಸೈಕಲ್‌ಗಳನ್ನೇ ತೆಗೆದುಕೊಂಡು ಹೋಗಬೇಕು ಅಂತಿದೆ. ಜೊತೆಗೆ ನಮ್ಮಕ್ಕ ಬರುತ್ತಾಳೆ. ಅವಳಿಗೆ 55. ಸೈಕಲ್ ಮುಟ್ಟಿ 35 ವರ್ಷ ಆಗಿದೆ. ಭಾವ ತೀರಿಕೊಂಡ ಮೇಲೆ ಅವಳು ಎಲ್ಲಿಗೂ ಹೊರಟೇ ಇಲ್ಲ. ಅವಳನ್ನು ಹೋಟೆಲಿನಲ್ಲಿ ಕೂರಿಸಿ ನಾವು ತಿರುಗುವ ಹಾಗೆ ಆಗಬಾರದು.

ನಾವಿಬ್ಬರೂ ಮೊಟ್ಟೆ ತಿನ್ನುತ್ತೇವೆ. ಅಕ್ಕ ಅದೂ ಇಲ್ಲ. ಈ ಯೋಜನೆ ನಡೆಯುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮ್ಯೂನಿಕ್ ಮಳೆ, ಅಕ್ಟೋಬರ್ 12

ನಮಸ್ಕಾರ ಮೇಡಂ. ನಾನು ಮಯೋರ್ಕಾಗೆ ಐದು ಸಲ ಹೋಗಿದ್ದೇನೆ, ನೀಸ್‌ಗೆ ಎರಡು ಸಲ. ನೇರವಾಗಿ ಹೇಳುತ್ತೇನೆ. ಮೂರು ಊರು ಬೇಡ. ಒಂದೇ ಊರು ಹಿಡಿಯಿರಿ.

ಸೈಕಲ್ ಇಟ್ಟುಕೊಂಡು ಊರು ಬದಲಾಯಿಸುವುದು ಅಂದರೆ ಏನು ಅಂತ ನೋಡಿ. ಹಿಂದಿನ ಸಂಜೆ ಸೈಕಲ್ ಬಿಚ್ಚಬೇಕು, ಪೆಟ್ಟಿಗೆಗೆ ತುಂಬಬೇಕು. ಬೆಳಿಗ್ಗೆ ದೊಡ್ಡ ಟ್ಯಾಕ್ಸಿ ಹುಡುಕಬೇಕು. ವಿಮಾನವೋ ರೈಲೋ ಹಿಡಿಯಬೇಕು. ಹೊಸ ಹೋಟೆಲಿಗೆ ಹೋಗಿ ಮತ್ತೆ ಜೋಡಿಸಬೇಕು. ಒಂದು ಸಲ ಊರು ಬದಲಾದರೆ ಒಂದು ದಿನ ಹೋಯಿತು. ನಿಮ್ಮ ಯೋಜನೆಯಲ್ಲಿ ಅದು ಎರಡು ಸಲ ಇದೆ. ಒಂಬತ್ತರಲ್ಲಿ ಏಳು ಉಳಿಯಿತು. ಅದರಲ್ಲಿ ಒಂದು ದಿನ ಮಳೆ ಬಂದರೆ ಆರು. ಇನ್ನೊಂದು ವಿಷಯ, ಗೊತ್ತಿಲ್ಲದ ದಾರಿಯಲ್ಲಿ ಮೊದಲ ದಿನ ಯಾರೂ ಚೆನ್ನಾಗಿ ತುಳಿಯುವುದಿಲ್ಲ. ಎರಡನೇ ದಿನ ಕಾಲು ಒಗ್ಗುತ್ತದೆ, ಮೂರನೇ ದಿನ ಸಂತೋಷ ಶುರುವಾಗುತ್ತದೆ. ನೀವು ಪ್ರತಿ ಸಲ ಆ ಮೂರನೇ ದಿನದಲ್ಲೇ ಗಂಟುಮೂಟೆ ಕಟ್ಟುತ್ತೀರಿ.

ನೀಸ್ ಹತ್ತಿರದ ಬೆಟ್ಟಗಳು ಚೆಂದ. ಆದರೆ ಊರಿಂದ ಹೊರಗೆ ಹೋಗುವ ತನಕ ವಾಹನ ಜಾಸ್ತಿ. ಜಿರೋನಾದಿಂದ ಸಮುದ್ರ ದೂರ. ನೀವು ಕೇಳಿದ್ದು ಸಮುದ್ರ ಮತ್ತು ಬೆಟ್ಟ ಎರಡೂ ಮನೆ ಬಾಗಿಲಲ್ಲಿ ಬೇಕು ಅಂತ ಅಲ್ವಾ? ಅದು ಮಯೋರ್ಕಾದ ಉತ್ತರದ ಮೂಲೆ. ಪೋರ್ಟ್ ದೆ ಪೊಯೆನ್ಸ ಅಂತ ಊರು. ಕೊಲ್ಲಿಯ ದಂಡೆಯ ಮೇಲೆ ಮನೆಗಳು, ಬೆನ್ನಿಗೇ ಟ್ರಮುಂಟಾನ ಬೆಟ್ಟಸಾಲು. ಈ ಸಾಲು ದ್ವೀಪದ ವಾಯವ್ಯ ದಂಡೆಯ ಉದ್ದಕ್ಕೂ ಸುಮಾರು 90 ಕಿಮೀ ಹೋಗುತ್ತದೆ. ಅತಿ ಎತ್ತರದ ಪುಯಿಗ್ ಮಯೋರ್ 1400 ಮೀಟರ್ ದಾಟುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲುಕಟ್ಟೆ ಕಟ್ಟಿ ಆಲಿವ್ ಬೆಳೆಸಿದ್ದಾರೆ. ಗಾರೆ ಹಾಕದೆ ಬರೀ ಕಲ್ಲು ಜೋಡಿಸಿದ ಕಟ್ಟೆಗಳು. ಆ ಕೃಷಿ ಭೂಮಿಗಾಗಿಯೇ 2011ರಲ್ಲಿ ಯುನೆಸ್ಕೋ ಈ ಬೆಟ್ಟಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀವು ತುಳಿಯುವ ರಸ್ತೆಯ ಎರಡೂ ಕಡೆ ಅದೇ ಕಟ್ಟೆಗಳು.

ದ್ವೀಪದ ನಡುಭಾಗ ಬಯಲು. ಬೆಟ್ಟ ಬೇಡವೆನಿಸಿದ ದಿನ ಆ ಕಡೆ ತಿರುಗಬಹುದು. ಒಂದೇ ಕೋಣೆಯಲ್ಲಿ ಒಂಬತ್ತು ರಾತ್ರಿ ಮಲಗಿ, ದಿನಕ್ಕೊಂದು ಹೊಸ ದಿಕ್ಕು.

ವೀಸಾ ವಿಷಯದಲ್ಲೂ ಒಂದೇ ದೇಶ ಸುಲಭ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಅಂದರೆ ನಿಮಗೆ ಈಗಲೇ ಸಮಯ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಅದರಲ್ಲಿ ಸೈಕಲ್‌ನಿಂದ ಬಿದ್ದರೆ ಖರ್ಚು ಕೊಡುತ್ತಾರಾ ಅಂತ ಓದಿಯೇ ಸಹಿ ಹಾಕಿ.

ಬಿಸಿಲು ಬೇಕು, ಅಕ್ಟೋಬರ್ 13

ಮ್ಯೂನಿಕ್ ಅಣ್ಣ ಹೇಳಿದ್ದು ಸರಿ, ಒಂದೇ ಊರು. ಆದರೆ ಆ ಊರು ಕಾಲ್ಪೆ ಯಾಕಾಗಬಾರದು? ಸ್ಪೇನಿನ ಪೂರ್ವ ಕರಾವಳಿ, ಅಲಿಕಾಂತೆ ವಿಮಾನ ನಿಲ್ದಾಣದಿಂದ ಸುಮಾರು ಒಂದು ಗಂಟೆ ದಾರಿ. ಊರ ಮುಂದೆಯೇ ಸಮುದ್ರದಿಂದ ನೇರವಾಗಿ ಎದ್ದ 332 ಮೀಟರ್ ಬಂಡೆ ಇದೆ, ಪೆನ್ಯಾಲ್ ದಿಫಾಕ್. ಪಕ್ಕದಲ್ಲಿ ಹಳೆಯ ಉಪ್ಪಿನ ಕೆರೆ, ಅಲ್ಲಿ ರಾಜಹಂಸಗಳು. ಒಳಗಡೆ ಹೋದರೆ ಪರ್ಸೆಂಟ್ ಹಳ್ಳಿಯಿಂದ ಕೋಲ್ ದೆ ರಾತೆಸ್ ಏರು. ಆರು ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ, ಎಲ್ಲೂ ತೀರಾ ಕಡಿದಿಲ್ಲ. ನಂದಿ ಹತ್ತುವವರು ಹಾಡು ಗುನುಗುತ್ತಾ ಹತ್ತಬಹುದು. ದೊಡ್ಡ ವೃತ್ತಿಪರ ತಂಡಗಳು ಡಿಸೆಂಬರ್, ಜನವರಿಯಲ್ಲಿ ಅಲ್ಲೇ ತರಬೇತಿ ಮಾಡುತ್ತವೆ. ಅವರು ಸುಮ್ನೆ ಬರುತ್ತಾರಾ?

ನಾನು ಫೆಬ್ರವರಿ ಮೊದಲ ವಾರ ಹೋಗಿದ್ದೆ. ಹಾಲೋನ್ ಕಣಿವೆ ತುಂಬ ಬಾದಾಮಿ ಮರಗಳು ಹೂ ಬಿಟ್ಟಿದ್ದವು. ಎಲೆಯೇ ಇಲ್ಲದ ಕಪ್ಪು ಕೊಂಬೆ, ಅದರ ತುಂಬ ತಿಳಿ ಗುಲಾಬಿ ಹೂ. ಸೈಕಲ್ ನಿಲ್ಲಿಸಿ ಅರ್ಧ ಗಂಟೆ ನಿಂತುಬಿಟ್ಟೆ.

ಮ್ಯೂನಿಕ್ ಮಳೆ, ಅಕ್ಟೋಬರ್ 13

ಚಳಿಗಾಲವಾದರೆ ನಾನೂ ಕಾಲ್ಪೆ ಅನ್ನುತ್ತಿದ್ದೆ. ಜನವರಿಯಲ್ಲಿ ಮಯೋರ್ಕಾದ ಬೆಟ್ಟದ ಮೇಲೆ ಚಳಿ, ಎಷ್ಟೋ ಹೋಟೆಲು ಮುಚ್ಚಿರುತ್ತವೆ. ಇವರು ಹೋಗುವುದು ಏಪ್ರಿಲ್. ಜೊತೆಗೆ ಅಕ್ಕ ಇದ್ದಾರೆ. ಕಾಲ್ಪೆಯಲ್ಲಿ ಎತ್ತರದ ಕಟ್ಟಡಗಳು ಜಾಸ್ತಿ, ಊರಿಂದ ಹೊರಡುವಾಗ ಕರಾವಳಿ ಹೆದ್ದಾರಿಯಲ್ಲೇ ಸ್ವಲ್ಪ ದೂರ ಹೋಗಬೇಕು. ಪೋರ್ಟ್ ದೆ ಪೊಯೆನ್ಸದಲ್ಲಿ ಸೈಕಲ್ ಬಿಡದವರೂ ದಿನ ಕಳೆಯಬಹುದು. ಸಮುದ್ರದಂಚಿನಲ್ಲಿ ಪೈನ್ ಮರಗಳ ನೆರಳಿನ ಕಾಲುದಾರಿ ಇದೆ. ಒಳಗಿನ ಪೊಯೆನ್ಸ ಹಳೆಯ ಊರು, ಭಾನುವಾರ ಸಂತೆ. ಅಲ್ಲಿ 365 ಮೆಟ್ಟಿಲು ಹತ್ತಿದರೆ ಬೆಟ್ಟದ ಮೇಲೆ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಎರಡೂ ಬದಿಗೆ ಸೈಪ್ರೆಸ್ ಮರಗಳು. ನಮ್ಮಮ್ಮ ಬಂದಿದ್ದಾಗ ಎರಡು ಸಲ ಹತ್ತಿದರು.

ಮೇಡಂ, ಅಕ್ಕನಿಗೆ ಒಂದು ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಪಕ್ಕದ ಊರು ಅಲ್ಕುಡಿಯಾ ತನಕ ಕೊಲ್ಲಿಯ ಪಕ್ಕದಲ್ಲೇ ಸಮತಟ್ಟು ದಾರಿ. ಚಿಕ್ಕಂದಿನಲ್ಲಿ ಕಲಿತ ಸೈಕಲ್ ಮರೆಯುವುದಿಲ್ಲ.

ಚೈನ್ ಎಣ್ಣೆ, ಅಕ್ಟೋಬರ್ 14

ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಎರಡು ಸಲ ಗುಂಪಿನ ಜೊತೆ ಮೆಕ್ಯಾನಿಕ್ ಆಗಿ ಮಯೋರ್ಕಾಗೆ ಹೋಗಿದ್ದೆ. ಅದರ ಮೇಲೆ ಹೇಳುತ್ತಿದ್ದೇನೆ.

ನಿಮ್ಮ ಸೈಕಲ್ ತೆಗೆದುಕೊಂಡು ಹೋಗಬೇಡಿ. ಮೊದಲ ಸಲ ನಮ್ಮ ಗುಂಪಿನ ಆರು ಸೈಕಲ್‌ಗಳಲ್ಲಿ ಎರಡು ಪೆಟ್ಟು ತಿಂದು ಇಳಿದವು. ಒಂದರ ಹ್ಯಾಂಗರ್, ಅಂದರೆ ಹಿಂದಿನ ಗೇರು ತೂಗುವ ಕೊಂಡಿ, ಬಗ್ಗಿತ್ತು, ಇನ್ನೊಂದರ ಕಾರ್ಬನ್ ಫ್ರೇಮು ಬಿರುಕು ಬಿಟ್ಟಿತ್ತು. ವಿಮಾನ ಕಂಪನಿಯವರ ಹತ್ತಿರ ದೂರು ಬರೆಸುವುದರಲ್ಲೇ ಅರ್ಧ ದಿನ ಹೋಯಿತು. ಆ ದ್ವೀಪದಲ್ಲಿ ಊರೂರಿಗೂ ಬಾಡಿಗೆ ಅಂಗಡಿ ಇದೆ, ಒಳ್ಳೊಳ್ಳೆ ಸೈಕಲ್ ಇದೆ. ನಿಮ್ಮ ಪೆಡಲ್, ಶೂ, ಹೆಲ್ಮೆಟ್, ಬೇಕಾದರೆ ಸೀಟು, ಇಷ್ಟು ಸೂಟ್‌ಕೇಸಿಗೆ ಹಾಕಿಕೊಳ್ಳಿ. ಸೀಟಿನ ಎತ್ತರ ಮತ್ತು ಸೀಟಿನ ತುದಿಯಿಂದ ಹ್ಯಾಂಡಲ್ ತನಕದ ದೂರ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಐದು ನಿಮಿಷದಲ್ಲಿ ಕೂರಿಸಿಕೊಡುತ್ತಾರೆ.

ಗೇರು ಕೇಳಿ ತೆಗೆದುಕೊಳ್ಳಿ. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದಿನ ಹಲ್ಲುಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದು 34 ಹಲ್ಲಿನದು. ಅದಕ್ಕಿಂತ ಚಿಕ್ಕದು ಬೇಡ. ನಂದಿಯಲ್ಲಿ ಹಿಂದೆ 28 ಹಲ್ಲಿನಲ್ಲೇ ಹತ್ತುತ್ತೇವೆ ಅಂತ ಹೇಳುವವರು ಬಹಳ ಜನ. ಅದು ಒಂದು ದಿನದ ಮಾತು. ದಿನ ಬಿಟ್ಟು ದಿನ ಹತ್ತುವಾಗ ಮಂಡಿ ಮಾತಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ನಮ್ಮಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ. ಅಲ್ಲಿ ಎಡಗೈಗೆ ಮುಂದಿನ ಬ್ರೇಕು. ಹೇರ್‌ಪಿನ್ ತಿರುವಿನಲ್ಲಿ ಗಾಬರಿಯಾದಾಗ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತದೆ. ನಮ್ಮ ಗುಂಪಿನ ಒಬ್ಬರು ಹೀಗೇ ಬಿದ್ದು ಭುಜದ ಮೂಳೆ ಮುರಿದುಕೊಂಡರು. ಬಾಡಿಗೆ ಪಡೆಯುವಾಗಲೇ ಅದಲು ಬದಲು ಮಾಡಿಕೊಡಿ ಅಂತ ಕೇಳಿ. ಎಷ್ಟೋ ಅಂಗಡಿಯವರಿಗೆ ಇದು ಗೊತ್ತಿರುತ್ತದೆ, ಬ್ರಿಟಿಷರೂ ಇದನ್ನೇ ಕೇಳುತ್ತಾರೆ. ಹಿಂದಿನ ದಿನವೇ ಇಮೇಲಿನಲ್ಲಿ ಹೇಳಿಟ್ಟರೆ ಇನ್ನೂ ಒಳ್ಳೆಯದು.

ಬನಶಂಕರಿ ಸವಾರಿ, ಅಕ್ಟೋಬರ್ 14

ಬ್ರೇಕಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಹಳ ಉಪಕಾರವಾಯಿತು ಸರ್. ಸೈಕಲ್ ತೆಗೆದುಕೊಂಡು ಹೋಗುವುದು ಬಿಟ್ಟೆವು. ನೀಸ್, ಜಿರೋನಾ ಎರಡೂ ಬಿಟ್ಟೆವು. ನಮ್ಮವರಿಗೆ ಸ್ವಲ್ಪ ಬೇಜಾರಾಯಿತು, ಆದರೆ ದಿನದ ಲೆಕ್ಕ ನೋಡಿ ಒಪ್ಪಿದರು.

ಅವರು ಈಗ ಸ ಕಲೋಬ್ರ ಅನ್ನುವ ದಾರಿಯ ವಿಡಿಯೋ ನೋಡುತ್ತಾ ಕೂತಿದ್ದಾರೆ. ಇಳಿದ ಮೊದಲ ದಿನವೇ ಅಲ್ಲಿಗೆ ಹೋಗೋಣ ಅನ್ನುತ್ತಾರೆ. ಕಾಲಲ್ಲಿ ಶಕ್ತಿ ಇರುವಾಗಲೇ ಮುಗಿಸೋಣ ಅಂತ ಅವರ ವಾದ. ನಿಮ್ಮ ಅಭಿಪ್ರಾಯ?

ಮ್ಯೂನಿಕ್ ಮಳೆ, ಅಕ್ಟೋಬರ್ 15

ಮೊದಲ ದಿನ ಬೇಡ ಮೇಡಂ. ಯಜಮಾನರಿಗೆ ಇದನ್ನು ಓದಿಸಿ.

ಸ ಕಲೋಬ್ರ ಬೇರೆ ಬೆಟ್ಟಗಳ ಹಾಗಲ್ಲ. ಬೇರೆ ಕಡೆ ಮೊದಲು ಹತ್ತುತ್ತೀರಿ, ಸಾಕು ಅನಿಸಿದರೆ ತಿರುಗಿ ಇಳಿದುಬಿಡುತ್ತೀರಿ. ಇಲ್ಲಿ ಮೊದಲು ಇಳಿಯಬೇಕು. 682 ಮೀಟರ್ ಎತ್ತರದ ಕೋಲ್ ದೆಲ್ಸ್ ರೇಯ್ಸ್‌ನಿಂದ ರಸ್ತೆ ಸಮುದ್ರಕ್ಕೆ ಇಳಿದು ಅಲ್ಲಿಗೇ ಮುಗಿಯುತ್ತದೆ. ಮುಂದೆ ದಾರಿ ಇಲ್ಲ. ಸೈಕಲ್‌ನಲ್ಲಿ ವಾಪಸ್ ಬರಬೇಕಾದರೆ ಇಳಿದ ಒಂಬತ್ತೂವರೆ ಕಿಲೋಮೀಟರ್ ಹತ್ತಲೇಬೇಕು. ಸರಾಸರಿ ನೂರಕ್ಕೆ ಏಳರ ಏರು, 26 ಹೇರ್‌ಪಿನ್ ತಿರುವು. ಅದಕ್ಕೂ ಮೊದಲು ಅಲ್ಲಿಗೆ ತಲುಪಲಿಕ್ಕೇ ಪೊಯೆನ್ಸದಿಂದ ಕೋಲ್ ದೆ ಫೆಮೆನಿಯಾ ಹತ್ತಿರಬೇಕು, ಅದು ಏಳೂವರೆ ಕಿಲೋಮೀಟರ್. ಹೋಗಿ ಬಂದು 90 ಕಿಮೀ ದಾಟುತ್ತದೆ, ಒಟ್ಟು ಏರು 2000 ಮೀಟರ್‌ಗೂ ಜಾಸ್ತಿ. ವಿಮಾನದಲ್ಲಿ ಹದಿನಾರು ಗಂಟೆ ಕೂತು ಬಂದ ಕಾಲಿಗೆ ಇದು ಬೇಡ.

ನಾನು ಮೊದಲ ಸಲ ಎರಡನೇ ದಿನವೇ ಹೋಗಿದ್ದೆ. ಹೊರಟಿದ್ದೇ ತಡವಾಗಿ. ಮೇಲೆ ತಲುಪುವಾಗ ಹನ್ನೊಂದೂವರೆ. ಇಳಿಯುವಾಗ ಎದುರಿಗೆ ಪ್ರವಾಸಿ ಬಸ್ಸುಗಳು. ಆ ರಸ್ತೆಯಲ್ಲಿ ಬಸ್ಸು ತಿರುವು ತೆಗೆದುಕೊಳ್ಳಬೇಕಾದರೆ ಇಡೀ ರಸ್ತೆ ಅದಕ್ಕೇ ಬೇಕು. ವಾಪಸ್ ಹತ್ತುವಾಗ ನಡು ಮಧ್ಯಾಹ್ನ. ಎರಡೂ ಕಡೆ ಬೋಳು ಸುಣ್ಣದ ಕಲ್ಲು, ನೆರಳು ಅನ್ನುವುದು ಇಲ್ಲ. ನಾಲ್ಕನೇ ಕಿಲೋಮೀಟರ್‌ನಲ್ಲಿ ತೊಡೆ ಹಿಡಿದುಕೊಂಡಿತು. ರಸ್ತೆ ಬದಿಯ ಗೋಡೆಯ ಮೇಲೆ ಕೂತು ಅಳು ಬಂದಿದ್ದು ನಿಜ. ಒಬ್ಬ ವಯಸ್ಸಾದ ಸವಾರ ನಿಂತು ಉಪ್ಪು ಹಾಕಿದ ಬಾದಾಮಿ ಕೊಟ್ಟು ಹೋದರು.

ಮುಂದಿನ ವರ್ಷ ಐದನೇ ದಿನ ಹೋದೆ. ಏಳೂಕಾಲಿಗೆ ಬೆಳಕು ಹರಿಯುತ್ತಿದ್ದಂತೆ ಹೊರಟೆ. ಒಂಬತ್ತೂವರೆಯ ಹೊತ್ತಿಗೆ ಕೆಳಗೆ ಸಮುದ್ರದ ಪಕ್ಕ ಕಾಫಿ ಕುಡಿಯುತ್ತಿದ್ದೆ. ಹತ್ತುವಾಗ ಇಡೀ ಬೆಟ್ಟ ನೆರಳಿನಲ್ಲಿತ್ತು.

ಆ ರಸ್ತೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಆಂತೋನಿಯೋ ಪರಿಯೆತ್ತಿ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು, 1932ರಲ್ಲಿ ಮುಗಿಯಿತು. ಯಾವ ದೊಡ್ಡ ಊರಿಗೂ ಹೋಗುವ ದಾರಿ ಅಲ್ಲ ಅದು. ಜನ ಬಂದು ಆ ಕೊಲ್ಲಿಯನ್ನು ನೋಡಲಿ ಅಂತಲೇ ಮಾಡಿದ್ದು. ಬೆಟ್ಟಕ್ಕೆ ಸುರಂಗ ಕೊರೆಯದೆ, ಕಡಿದ ಕಲ್ಲನ್ನೇ ಕಟ್ಟೆಗೆ ಹಾಕುತ್ತಾ, ಕೈಕೆಲಸದಿಂದಲೇ ಕಟ್ಟಿದರು. ತುದಿಯ ಹತ್ತಿರ ಒಂದು ಕಡೆ ಇಳಿಸಲು ಜಾಗವೇ ಸಾಲಲಿಲ್ಲ. ಆಗ ರಸ್ತೆಯನ್ನು ಪೂರ್ತಿ ಸುತ್ತಿಸಿ ತನ್ನದೇ ಸೇತುವೆಯ ಕೆಳಗೆ ಹಾಯಿಸಿಬಿಟ್ಟರು. ಕೊರಳಿಗೆ ಟೈ ಕಟ್ಟುವಾಗ ಬೀಳುವ ಗಂಟಿನ ಹಾಗೆ. ಅಲ್ಲಿಯ ಜನ ಅದನ್ನು ಟೈ ಗಂಟು ಅಂತಲೇ ಕರೆಯುತ್ತಾರೆ. ಹತ್ತುವಾಗ ಅದು ಸಿಕ್ಕಿತು ಅಂದರೆ ತುದಿ ಹತ್ತಿರ ಅಂತ ಅರ್ಥ. ಆ ಗಂಟಿನ ಕೆಳಗೆ ನುಗ್ಗಿ ಮೇಲೆ ಬಂದು, ಕೆಳಗೆ ನೋಡಿದಾಗ ನೀವು ಬಂದ ದಾರಿ ಪೂರ್ತಿ ಕಾಣುತ್ತದೆ. ಅಲ್ಲಿ ನಿಲ್ಲಿ. ಅವಸರ ಬೇಡ.

ಆಗುಂಬೆ ತಿರುವು, ಅಕ್ಟೋಬರ್ 16

ತಯಾರಿಯ ಬಗ್ಗೆ ನನ್ನ ಎರಡು ಮಾತು. ನಂದಿ ಏರು ಒಳ್ಳೆಯದೇ, ಆದರೆ ಒಂದು ಸಲ ಹತ್ತಿ ಇಡ್ಲಿ ತಿಂದು ಮನೆಗೆ ಬಂದರೆ ಸಾಲದು. ಜನವರಿಯಿಂದ ತಿಂಗಳಿಗೊಮ್ಮೆ ಎರಡು ದಿನ ಬೆನ್ನು ಬೆನ್ನಿಗೆ ಬೆಟ್ಟ ಹತ್ತಿ. ಶನಿವಾರ ನಂದಿ ಎರಡು ಸಲ, ಭಾನುವಾರ ಮತ್ತೆ ಒಂದು ಸಲ. ಭಾನುವಾರದ ಕಾಲು ಹೇಗಿದೆ ಅನ್ನುವುದೇ ನಿಮ್ಮ ನಿಜವಾದ ಕಾಲು.

ಇಳಿಯುವುದನ್ನೂ ಕಲಿಯಬೇಕು. ನಮ್ಮವರು ಹತ್ತುವುದಕ್ಕೆ ಕೊಡುವ ಗಮನ ಇಳಿಯುವುದಕ್ಕೆ ಕೊಡುವುದಿಲ್ಲ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯ 36 ತಿರುವು ಗೊತ್ತಲ್ಲ? ಅದರಷ್ಟು ಕಡಿದಾದದ್ದು ಅಲ್ಲಿ ಇಲ್ಲ. ಆಗುಂಬೆಯ 14 ತಿರುವು ಮಳೆ ಇಲ್ಲದ ಬೆಳಗಿನಲ್ಲಿ ಇಳಿದು ಅಭ್ಯಾಸ ಮಾಡಿ. ತಿರುವಿಗೆ ಮೊದಲೇ ಬ್ರೇಕು ಹಿಡಿದು ಮುಗಿಸಬೇಕು, ತಿರುವಿನ ಒಳಗೆ ಹಿಡಿಯಬಾರದು. ಕಣ್ಣು ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗೆ.

ಅಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು. ನೇರ ರಸ್ತೆಯಲ್ಲಿ ಒಂದು ಗಂಟೆಯಲ್ಲಿ ರೂಢಿ ಆಗುತ್ತದೆ. ಕಷ್ಟ ಇರುವುದು ಖಾಲಿ ಹಳ್ಳಿ ದಾರಿಯಲ್ಲಿ ಕಾಫಿ ಕುಡಿದು ಮತ್ತೆ ಹೊರಟಾಗ. ಯಾರೂ ಇಲ್ಲದಾಗ ಎಡಕ್ಕೇ ಹೋಗಿಬಿಡುತ್ತೇವೆ. ಇಬ್ಬರೂ ಒಬ್ಬರಿಗೊಬ್ಬರು ಹೊರಡುವಾಗೆಲ್ಲ ‘ಬಲ’ ಅಂತ ಹೇಳಿಕೊಳ್ಳಿ. ನಾವು ಅಣ್ಣ ತಮ್ಮ ಹಾಗೇ ಮಾಡಿದೆವು.

ಬಿಸಿಲು ಬೇಕು, ಅಕ್ಟೋಬರ್ 16

ವಾಹನದವರ ಭಯ ಬೇಡ. ಸ್ಪೇನಿನಲ್ಲಿ ಸೈಕಲ್ ದಾಟುವ ಕಾರು ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನಿದೆ. ಬಹಳ ಜನ ಪಾಲಿಸುತ್ತಾರೆ. ತಿರುವಿನಲ್ಲಿ ನಿಮ್ಮ ಹಿಂದೆ ಹಾರ್ನ್ ಮಾಡದೆ ಕಾಯುವ ಲಾರಿ ನೋಡಿದಾಗ ನನಗೆ ಗಂಟಲು ಕಟ್ಟಿತು. ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಬೆಟ್ಟದಲ್ಲಿ ಸುರಂಗಗಳಿವೆ, ಹಿಂದೆ ಮುಂದೆ ಲೈಟು ಇರಲಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ.

ಸೊಪ್ಪಿನ ಸಾರು, ಅಕ್ಟೋಬರ್ 17

ಅಕ್ಕನ ಊಟದ ವಿಷಯ ಯಾರೂ ಹೇಳಿಲ್ಲ. ನಾನು ಲಂಡನ್ನಿನಲ್ಲಿದ್ದೇನೆ, ಮೊಟ್ಟೆಯೂ ತಿನ್ನುವುದಿಲ್ಲ, ಮಯೋರ್ಕಾಗೆ ಮೂರು ಸಲ ಹೋಗಿದ್ದೇನೆ. ಹಸಿವಿನಿಂದ ಬಂದವಳಲ್ಲ.

ಮೊದಲ ಎಚ್ಚರಿಕೆ. ಎಲ್ಲ ಬೇಕರಿಯಲ್ಲೂ ಸುರುಳಿ ಸುತ್ತಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಎನ್ಸೈಮಾದ ಇರುತ್ತದೆ. ನೋಡಲು ಬಹಳ ಮುದ್ದಾಗಿರುತ್ತದೆ. ಅದನ್ನು ಹಂದಿ ಕೊಬ್ಬಿನಿಂದಲೇ ಮಾಡುವುದು. ಹೆಸರಿನಲ್ಲೇ ಇದೆ, ಅವರ ಭಾಷೆಯಲ್ಲಿ ಸೈಮ್ ಅಂದರೆ ಆ ಕೊಬ್ಬು. ಗೊತ್ತಿಲ್ಲದೆ ತಿಂದು ಆಮೇಲೆ ಸಂಕಟ ಪಡುವುದು ಬೇಡ.

ತಿನ್ನಲಿಕ್ಕೆ ಇರುವುದು ಕೇಳಿ. ಪಾ ಅಂಬ್ ಓಲಿ: ದಪ್ಪ ಹಳ್ಳಿ ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹಾಕಿ, ಚೀಸ್ ಜೊತೆ ಕೊಡುತ್ತಾರೆ. ಮಾಂಸ ಬೇಡ, ಬರೀ ಚೀಸ್ ಅಂತ ಹೇಳಬೇಕು. ತುಂಬೆತ್: ಬದನೆಕಾಯಿ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಎಣ್ಣೆಯಲ್ಲಿ ಕರಿದು ಪದರ ಪದರವಾಗಿ ಜೋಡಿಸಿ ಮೇಲೆ ಟೊಮೆಟೊ ಗೊಜ್ಜು ಸುರಿಯುತ್ತಾರೆ. ಅಕ್ಕನಿಗೆ ನಮ್ಮ ಮನೆಯದೇ ಅನಿಸುತ್ತದೆ. ಸೋಯೆರ್ ಕಣಿವೆಯ ಕಿತ್ತಳೆ ರಸ ಎಲ್ಲಿ ಸಿಕ್ಕರೂ ಬಿಡಬೇಡಿ. ಬಾದಾಮಿ ಕೇಕು ಸಿಗುತ್ತದೆ, ಅದಕ್ಕೆ ಮೊಟ್ಟೆ ಹಾಕುತ್ತಾರೆ, ನಿಮ್ಮಿಬ್ಬರಿಗೆ ಆಗುತ್ತದೆ.

ಅಡುಗೆಮನೆ ಇರುವ ಕೋಣೆ ತೆಗೆದುಕೊಳ್ಳಿ. ಚಿಕ್ಕ ಕುಕ್ಕರ್, ಬೇಳೆ, ಸಾರಿನ ಪುಡಿ ಇದ್ದರೆ ರಾತ್ರಿ ಚಿಂತೆ ಇಲ್ಲ. 80 ಕಿಮೀ ತುಳಿದು ಬಂದ ದಿನ ಬಿಸಿ ಅನ್ನ ಸಾರಿಗೆ ಸಮ ಯಾವುದೂ ಇಲ್ಲ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತನ್ನಿ. ಅಲ್ಲಿಯ ಹೋಟೆಲುಗಳಲ್ಲಿ ರಾತ್ರಿ ಊಟ ತಡವಾಗಿ ಶುರು, ಎಂಟು ಗಂಟೆಗೂ ಮುಂಚೆ ಹೋದರೆ ಎಷ್ಟೋ ಕಡೆ ಒಲೆಯೇ ಹಚ್ಚಿರುವುದಿಲ್ಲ.

ಮ್ಯೂನಿಕ್ ಮಳೆ, ಅಕ್ಟೋಬರ್ 17

ಗಾಳಿಯ ಬಗ್ಗೆ ಒಂದು ಮಾತು ಉಳಿಯಿತು. ಟ್ರಮುಂಟಾನ ಅನ್ನುವುದು ಬೆಟ್ಟದ ಹೆಸರೂ ಹೌದು, ಉತ್ತರದಿಂದ ಬೀಸುವ ಗಾಳಿಯ ಹೆಸರೂ ಹೌದು. ಅದು ಎದ್ದ ದಿನ ಫೋರ್ಮೆಂಟೋರ್ ಭೂಶಿರಕ್ಕೆ ಹೋಗಬೇಡಿ. ಆ ದಾರಿಯೂ ಪರಿಯೆತ್ತಿಯವರದ್ದೇ, ಸಮುದ್ರದ ಮೇಲೆ ನೇತಾಡಿದ ಹಾಗಿದೆ. ತುದಿಯಲ್ಲಿ 1863ರ ದೀಪಸ್ತಂಭ. ಗಾಳಿ ಇಲ್ಲದ ದಿನ, ಕಾರುಗಳು ಏಳುವ ಮುಂಚೆ ಹೋದರೆ ಅದರಷ್ಟು ಚೆಂದದ ಸವಾರಿ ಇಲ್ಲ. ರಸ್ತೆಯಲ್ಲಿ ಕಾಡಾಡುಗಳಿರುತ್ತವೆ, ಇಳಿಯುವಾಗ ನಿಧಾನ.

ಅದಕ್ಕೇ ದಿನಕ್ಕೊಂದು ದಾರಿ ಅಂತ ಮೊದಲೇ ಗಂಟು ಹಾಕಬೇಡಿ. ಹಿಂದಿನ ರಾತ್ರಿ ಗಾಳಿ ನೋಡಿ, ಕಾಲು ನೋಡಿ, ಆಮೇಲೆ ಹೇಳಿ ನಾಳೆ ಎಲ್ಲಿಗೆ ಅಂತ. ಗಾಳಿ ಇದ್ದರೆ ಕಂಪನೆತ್ ಕಡೆಯ ಒಳದಾರಿ. ಕಾಲು ಸೋತಿದ್ದರೆ ಬಯಲಿನ ಪೆತ್ರ ಊರು, ಹೋಗಿ ಬಂದು 80 ಕಿಮೀ ಸುತ್ತ. ಅದರ ಚೌಕದಲ್ಲಿ ಮಧ್ಯಾಹ್ನ ಕೂತರೆ ನೂರಾರು ಸೈಕಲ್ ನೋಡಬಹುದು. ಬುಧವಾರವಾದರೆ ಸಿನೆವು ಸಂತೆ. ಅಕ್ಕನ ಜೊತೆ ಪೂರ್ತಿ ಒಂದು ದಿನ ಇಡಿ. ಬಸ್ಸಿನಲ್ಲಿ ದ್ವೀಪದ ರಾಜಧಾನಿ ಪಾಲ್ಮಾಗೆ ಹೋಗಿ, ಅಲ್ಲಿಂದ 1912ರಿಂದ ಓಡುತ್ತಿರುವ ಮರದ ಬೋಗಿಗಳ ರೈಲಿನಲ್ಲಿ ಸೋಯೆರ್‌ಗೆ. ಮತ್ತೆ ಏಪ್ರಿಲ್ ಕೊನೆಯಲ್ಲಿ ಮಯೋರ್ಕಾ 312 ಅನ್ನುವ ದೊಡ್ಡ ಸವಾರಿ ಇರುತ್ತದೆ, ಹೆಸರಿನಷ್ಟೇ ಕಿಲೋಮೀಟರ್. ಆ ವಾರ ಕೋಣೆ ಸಿಗುವುದು ಕಷ್ಟ. ಅದಕ್ಕೂ ಮೊದಲು ಬಂದುಹೋಗಿ. ಈಸ್ಟರ್ ಯಾವಾಗ ಬರುತ್ತದೆ ಅಂತಲೂ ನೋಡಿಕೊಳ್ಳಿ.

ಬನಶಂಕರಿ ಸವಾರಿ, ಮೇ 3

ಹೋಗಿ ಬಂದೆವು. ನಿಮಗೆಲ್ಲ ಹೇಳದೆ ಇರಲಾಗಲಿಲ್ಲ.

ಫ್ರಾಂಕ್‌ಫರ್ಟ್ ಮೇಲೆ ಪಾಲ್ಮಾ ತಲುಪಿದೆವು. ಮೊದಲ ಬೆಳಿಗ್ಗೆ ಅಭ್ಯಾಸದಂತೆ ಐದಕ್ಕೆ ಎದ್ದರೆ ಹೊರಗೆ ಕಗ್ಗತ್ತಲು. ಅಲ್ಲಿ ಏಳು ದಾಟಿದ ಮೇಲೇ ಸೂರ್ಯ. ಸಂಜೆ ಎಂಟರ ತನಕ ಬಿಸಿಲು. ಎರಡನೇ ದಿನಕ್ಕೆ ಒಗ್ಗಿಕೊಂಡೆವು. ಬಾಡಿಗೆ ಅಂಗಡಿಯವನಿಗೆ ಬ್ರೇಕಿನ ವಿಷಯ ಮೊದಲೇ ಬರೆದಿದ್ದೆ, ಬದಲಾಯಿಸಿಯೇ ಇಟ್ಟಿದ್ದ. ಇಳಿಯುವಾಗ ಪ್ರತಿ ತಿರುವಿನಲ್ಲೂ ಮೈಸೂರಿನ ಸರ್ ನೆನಪಾದರು.

ಮೂರನೇ ದಿನ ಫೋರ್ಮೆಂಟೋರ್ ಅಂದುಕೊಂಡಿದ್ದೆವು. ರಾತ್ರಿಯೆಲ್ಲ ಕಿಟಕಿ ಬಡಿಯುತ್ತಿತ್ತು. ಬೆಳಿಗ್ಗೆ ಕೊಲ್ಲಿಯ ನೀರು ಪೂರ್ತಿ ಬಿಳಿ ನೊರೆ. ನಮ್ಮವರು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತರು, ಆಮೇಲೆ ‘ಕಂಪನೆತ್ ಕಡೆ ಹೋಗೋಣ’ ಅಂದರು. ಎರಡು ಕಡೆ ಕಲ್ಲುಗೋಡೆ, ಒಂದು ಕಾರಿಗಷ್ಟೇ ಆಗುವ ದಾರಿ, ಗೋಡೆಯಾಚೆ ಕುರಿಗಳ ಕೊರಳ ಗಂಟೆ. ಗಾಳಿ ತಲೆಯ ಮೇಲೆ ಹಾದುಹೋಗುತ್ತಿತ್ತು, ನಮಗೆ ತಾಗಲಿಲ್ಲ. ಫೋರ್ಮೆಂಟೋರ್‌ಗೆ ಏಳನೇ ದಿನ ಹೋದೆವು.

ಸ ಕಲೋಬ್ರ ಐದನೇ ದಿನ. ಮ್ಯೂನಿಕ್ ಸರ್ ಹೇಳಿದ ಹಾಗೆಯೇ ಏಳೂಕಾಲಿಗೆ ಹೊರಟೆವು. ಹತ್ತುವಾಗ ನನಗೆ ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತು. 34ರ ಹಲ್ಲು ಬಿಟ್ಟು ಕೆಳಗೆ ಇಳಿಯಲೇ ಇಲ್ಲ. ನಮ್ಮವರು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. ಟೈ ಗಂಟಿನ ಮೇಲೆ ನಿಂತು ಕೆಳಗೆ ನೋಡಿದೆವು. ಇಬ್ಬರಿಗೂ ಮಾತು ಬರಲಿಲ್ಲ. ಮೊದಲ ಬಸ್ಸು ಆಗ ತಾನೇ ಕೆಳಗೆ ಇಳಿಯುತ್ತಿತ್ತು.

ಅಕ್ಕನ ವಿಷಯ. ಮೊದಲ ಎರಡು ದಿನ ಸೈಕಲ್ ಮುಟ್ಟುವುದಿಲ್ಲ ಅಂದಳು. ಸಮುದ್ರದ ಪಕ್ಕ ನಡೆದಳು, ಆ 365 ಮೆಟ್ಟಿಲು ಹತ್ತಿದಳು. ಮೂರನೇ ಸಂಜೆ ಗಾಳಿ ನಿಂತಿತ್ತು. ಖಾಲಿ ಬೀದಿಯಲ್ಲಿ ನಾನು ಸೀಟು ಹಿಡಿದುಕೊಂಡೆ, ಅವಳು ತುಳಿದಳು. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸಿದವಳು ಅವಳೇ, ಹೀಗೇ ಸೀಟು ಹಿಡಿದುಕೊಂಡು. ಮಾರನೇ ದಿನ ಮೂವರೂ ಅಲ್ಕುಡಿಯಾಗೆ ಹೋಗಿ ಬಂದೆವು. ಎಂಟನೇ ದಿನ ಬ್ಯಾಟರಿ ಸೈಕಲ್‌ನಲ್ಲಿ ಅವಳು ನಮ್ಮ ಜೊತೆ ಫೆಮೆನಿಯಾ ಏರು ಹತ್ತಿ ಲ್ಯುಕ್ ಮಠದ ತನಕ ಬಂದಳು. ಅಲ್ಲಿನ ಅಂಗಳದಲ್ಲಿ ಕೂತು ಕೋಣೆಯಿಂದ ಕಟ್ಟಿ ತಂದಿದ್ದ ಪುಳಿಯೋಗರೆ ತಿಂದೆವು. ಭಾವ ಇದ್ದಿದ್ದರೆ ಇಷ್ಟ ಪಡುತ್ತಿದ್ದರು ಅಂದಳು. ಅಷ್ಟು ಹೊತ್ತಿಗೂ ಅವರ ಹೆಸರು ಎತ್ತಿರಲಿಲ್ಲ.

ಸೊಪ್ಪಿನ ಸಾರು, ಮೇ 3

ಓದುತ್ತಾ ಕಣ್ಣು ತುಂಬಿತು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ತುಂಬೆತ್ ತಿಂದರಾ?

ಬನಶಂಕರಿ ಸವಾರಿ, ಮೇ 3

ಮೂರು ಸಲ. ಮನೆಗೆ ಬಂದ ಮೇಲೆ ತಾನೇ ಮಾಡಿದಳು. ಬದನೆಕಾಯಿ ಕರಿಯುವ ಮುಂಚೆ ಉಪ್ಪು ಹಚ್ಚಿ ಎಷ್ಟು ಹೊತ್ತು ಇಡಬೇಕು ಅಂತ ಕೇಳುತ್ತಿದ್ದಾಳೆ.

ಸೊಪ್ಪಿನ ಸಾರು, ಮೇ 4

ನಾನು ಅರ್ಧ ಗಂಟೆ ಇಡುತ್ತೇನೆ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಬೇಕು, ಇಲ್ಲದಿದ್ದರೆ ಎಣ್ಣೆ ಜಾಸ್ತಿ ಕುಡಿಯುತ್ತದೆ.